ರೇಷ್ಮೆ ಹುಳುವಿನ 'ಸಾವಿನ ಜೀನ್': ಒಂದೇ ತಾಯಿಯ ಮರಿಗಳಲ್ಲಿ ಕಾಲು ಭಾಗ ಸಾಯುವುದೇಕೆ?

ವಿಜಯನಗರದಿಂದಲೋ ರಾಜಾಜಿನಗರದಿಂದಲೋ ಹೊರಟು ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ, ಬಿಡದಿ ಕಳೆದು ರಾಮನಗರ ಸಿಗುತ್ತದೆ. ಅಲ್ಲಿನ ರೇಷ್ಮೆಗೂಡು ಮಾರುಕಟ್ಟೆಯ ಹೆಸರು ಕೇಳದವರು ಕಡಿಮೆ. ಮಾಗಡಿ ರಸ್ತೆ ಹಿಡಿದು ಹೋದರೆ ಮಾಗಡಿ, ಅದರಾಚೆ ಕುಣಿಗಲ್. ಅಪ್ಪಟ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಊರುಗಳು ಆ ಕಡೆ ಇವೆ. ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಇರುವ ಎಷ್ಟೋ ಮನೆಗಳಿಗೆ ಈ ಊರುಗಳಲ್ಲಿ ಹಿಪ್ಪುನೇರಳೆ ತೋಟವಿರುವ ಒಬ್ಬ ಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ.

ಹಾಗಾಗಿ ಈ ಮಾತನ್ನು ನೀವೂ ಕೇಳಿರಬಹುದು: "ಹುಳು ಚೆನ್ನಾಗಿಯೇ ಇದ್ದವು, ಮೊದಲ ಜ್ವರಕ್ಕೆ ಕೂತವು, ಒಂದಷ್ಟು ಏಳಲೇ ಇಲ್ಲ. ಯಾರದೋ ಕಣ್ಣು ಬಿತ್ತು." ಇನ್ನೊಬ್ಬರು ಮೊಟ್ಟೆಯೇ ಕೆಟ್ಟದ್ದು ಎನ್ನುತ್ತಾರೆ. ಮತ್ತೊಬ್ಬರು ಇತ್ತೀಚೆಗೆ ಕೇಳಿದ ಪದ ಸೇರಿಸುತ್ತಾರೆ: "ಜೀನ್ ದೋಷ ಅಂತೆ." ಇವುಗಳಲ್ಲಿ ಯಾವುದು ನಿಜ? ರೇಷ್ಮೆ ಹುಳುವಿನಲ್ಲಿ ಹುಟ್ಟಿನಿಂದಲೇ ಸಾವು ಬರೆದಿಟ್ಟ ಜೀನ್‌ಗಳು ನಿಜಕ್ಕೂ ಇವೆಯೇ? ಇದ್ದರೆ ರೈತರು ಮಾಡಬೇಕಾದ್ದೇನು? ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಚುಟುಕು ಉತ್ತರ

ಹೌದು, ಅಂಥ ಜೀನ್‌ಗಳಿವೆ. ವಿಜ್ಞಾನಿಗಳು ಅವುಗಳನ್ನು ಮಾರಕ ಉತ್ಪರಿವರ್ತನೆಗಳು ಎನ್ನುತ್ತಾರೆ. ಅವು ಅಂಟುರೋಗವಲ್ಲ, ಒಂದು ಹುಳುವಿನಿಂದ ಪಕ್ಕದ ಹುಳುವಿಗೆ ಹರಡುವುದಿಲ್ಲ. ಆದರೆ ಸಾಮಾನ್ಯ ರೈತರ ಹುಳುಮನೆಯಲ್ಲಿ ಹುಳು ಗುಂಪಾಗಿ ಸತ್ತರೆ ಮೊದಲು ಅನುಮಾನಿಸಬೇಕಾದ್ದು ರೋಗವನ್ನು, ಜೀನನ್ನಲ್ಲ. ಮಾರಕ ಜೀನ್‌ಗಳು ರೈತರಿಗೆ ಮುಖ್ಯವಾಗುವುದು ಬೇರೆ ಕಡೆ: ತಾವೇ ಬೆಳೆದ ಗೂಡಿನಿಂದ ಮೊಟ್ಟೆ ಮಾಡಿಕೊಳ್ಳಲು ಹೊರಟಾಗ.

ಮಾರಕ ಉತ್ಪರಿವರ್ತನೆ ಎಂದರೇನು?

ರೇಷ್ಮೆ ಹುಳುವಿನ ಪ್ರತಿ ಜೀವಕೋಶದಲ್ಲಿ 28 ಜೊತೆ ಕ್ರೋಮೋಸೋಮ್‌ಗಳಿವೆ. ಪ್ರತಿ ಜೊತೆಯಲ್ಲೂ ಒಂದು ತಾಯಿಯದು, ಒಂದು ತಂದೆಯದು. ಆದ್ದರಿಂದ ಬಹುತೇಕ ಎಲ್ಲ ಜೀನ್‌ಗಳಿಗೂ ಎರಡೆರಡು ಪ್ರತಿಗಳಿರುತ್ತವೆ. ಒಂದು ಜೀನ್ ಎಂದರೆ ಒಂದು ಪ್ರೋಟೀನ್ ತಯಾರಿಸುವ ಪಾಕವಿಧಾನ ಎಂದುಕೊಳ್ಳಿ. ಪಾಕವಿಧಾನವನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ, ಒಂದು ಸಾಲು ಬಿಟ್ಟುಹೋಗುತ್ತದೆ. ಇದೇ ಉತ್ಪರಿವರ್ತನೆ.

ಬಹಳಷ್ಟು ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ತಪ್ಪುಗಳಿಂದ ಹುಳುವಿನ ಬಣ್ಣವೋ ಗೂಡಿನ ಆಕಾರವೋ ಬದಲಾಗುತ್ತದೆ. ಬದುಕಿಗೆ ಬೇಕೇ ಬೇಕಾದ ಪ್ರೋಟೀನಿನ ಪಾಕವಿಧಾನವೇ ಕೆಟ್ಟರೆ ಮಾತ್ರ ಹುಳು ಸಾಯುತ್ತದೆ. ಆಗ ಅದನ್ನು ಮಾರಕ ಎನ್ನುತ್ತೇವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೊಲ್ಲುವ ಜೀನ್ ಆದರೆ ಅದು ಇಷ್ಟು ಹೊತ್ತಿಗೆ ಅಳಿದುಹೋಗಬೇಕಿತ್ತಲ್ಲವೇ? ಅಳಿಯುವುದಿಲ್ಲ, ಏಕೆಂದರೆ ಹೆಚ್ಚಿನ ಮಾರಕ ಜೀನ್‌ಗಳು ದುರ್ಬಲ ಸ್ವಭಾವದವು. ಒಂದು ಪ್ರತಿ ಕೆಟ್ಟಿದ್ದು ಇನ್ನೊಂದು ಸರಿ ಇದ್ದರೆ ಆ ಸರಿಯಾದ ಪ್ರತಿಯೇ ಕೆಲಸ ತೂಗಿಸಿಕೊಂಡು ಹೋಗುತ್ತದೆ. ಹುಳು ನೋಡಲು ಚೆನ್ನಾಗಿರುತ್ತದೆ, ಸೊಪ್ಪು ತಿನ್ನುತ್ತದೆ, ಗೂಡು ಕಟ್ಟುತ್ತದೆ, ಚಿಟ್ಟೆಯಾಗಿ ಮೊಟ್ಟೆಯನ್ನೂ ಇಡುತ್ತದೆ. ತನ್ನೊಳಗೆ ಕೆಟ್ಟ ಪ್ರತಿಯೊಂದು ಇದೆ ಎಂಬ ಸುಳಿವನ್ನೂ ಕೊಡುವುದಿಲ್ಲ. ಇಂಥ ಹುಳುವನ್ನು ವಾಹಕ ಎನ್ನುತ್ತಾರೆ.

ಕಾಲು ಭಾಗದ ಲೆಕ್ಕ

ಎರಡು ವಾಹಕ ಚಿಟ್ಟೆಗಳು ಜೊತೆಯಾದಾಗ ಗುಟ್ಟು ಹೊರಬೀಳುತ್ತದೆ. ಪ್ರತಿ ಮರಿಗೂ ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಯಾವ ಪ್ರತಿ ಬರುತ್ತದೆ ಎಂಬುದು ನಾಣ್ಯ ಚಿಮ್ಮಿದ ಹಾಗೆ. ಎರಡೂ ಕಡೆಯಿಂದ ಕೆಟ್ಟದ್ದೇ ಬರುವ ಸಾಧ್ಯತೆ ಅರ್ಧದಲ್ಲಿ ಅರ್ಧ, ಅಂದರೆ ನಾಲ್ಕರಲ್ಲಿ ಒಂದು.

ಒಂದು ಚಿಟ್ಟೆ ಸುಮಾರು 400ರಿಂದ 500 ಮೊಟ್ಟೆ ಇಡುತ್ತದೆ. ರೈತರ ಲೆಕ್ಕದಲ್ಲಿ '100 ಮೊಟ್ಟೆ' ಎಂದರೆ ಇಂಥ 100 ತಾಯಿ ಚಿಟ್ಟೆಗಳ ಮೊಟ್ಟೆ ಗುಂಪುಗಳು. ವಾಹಕ ಜೋಡಿಯೊಂದರ 400 ಮೊಟ್ಟೆಗಳನ್ನು ಪ್ರತ್ಯೇಕವಾಗಿ ಸಾಕಿದರೆ, ಸುಮಾರು 100 ಮರಿಗಳು ಒಂದೇ ಹಂತದಲ್ಲಿ, ಒಂದೇ ಲಕ್ಷಣ ತೋರಿಸಿ ಸಾಯುತ್ತವೆ. ಉಳಿದ 300ರಲ್ಲಿ ಸುಮಾರು 200 ವಾಹಕಗಳು, 100 ಸಂಪೂರ್ಣ ಆರೋಗ್ಯವಂತ. ಸತ್ತವು ಕಾಲು ಭಾಗ, ಅದೂ ಒಂದೇ ವಯಸ್ಸಿನಲ್ಲಿ ಎಂಬುದೇ ಇಲ್ಲಿ ಗುರುತು.

ಈ ಲೆಕ್ಕವನ್ನು ಮೊದಲು ಬಟಾಣಿ ಗಿಡದಲ್ಲಿ ಕಂಡವನು ಮೆಂಡೆಲ್. ಅದು ಪ್ರಾಣಿಗಳಿಗೂ ಅನ್ವಯಿಸುತ್ತದೆ ಎಂದು ತೋರಿಸಿದ ಆರಂಭದ ಪ್ರಯೋಗಗಳಲ್ಲಿ ರೇಷ್ಮೆ ಹುಳುವಿನದೂ ಒಂದು. ಜಪಾನಿನ ಟೊಯಾಮ ಕಾಮೆತಾರೊ ಅದನ್ನು 1906ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ರೇಷ್ಮೆ ಹುಳು ತಳಿವಿಜ್ಞಾನಿಗಳ ಅಚ್ಚುಮೆಚ್ಚಿನ ಜೀವಿ.

ಜ್ವರದಿಂದ ಎದ್ದು ಸಾಯುವ ಹಳದಿ ಹುಳು

ನಮ್ಮ ರೈತರು 'ಜ್ವರ' ಎನ್ನುವುದು ಕಾಯಿಲೆಯನ್ನಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು, ಹಳೆಯ ಚರ್ಮ ಕಳಚಿ ಹೊಸ ಚರ್ಮ ತೊಡುವ ಹೊತ್ತದು. ಹುಳುವಿನ ಜೀವನದಲ್ಲಿ ಹೀಗೆ ನಾಲ್ಕು ಜ್ವರ, ಐದು ಹಂತ. ಮೊಟ್ಟೆಯೊಡೆದು ಬಂದಾಗ ಇರುವೆಯಷ್ಟಿದ್ದ ಹುಳು ಹಣ್ಣಾಗುವ ಹೊತ್ತಿಗೆ ಸುಮಾರು ಹತ್ತು ಸಾವಿರ ಪಟ್ಟು ತೂಗುತ್ತದೆ. ಚರ್ಮ ಹಿಗ್ಗುವುದಿಲ್ಲವಾದ್ದರಿಂದ ಅದನ್ನು ಬದಲಿಸಲೇಬೇಕು.

ಹೊಸ ಚರ್ಮ ಮೊದಲು ಮೆತ್ತಗಿರುತ್ತದೆ. ಆಮೇಲೆ ಗಟ್ಟಿಯಾಗುತ್ತದೆ. ಅದರಲ್ಲೂ ತಲೆಯ ಚಿಪ್ಪು ಮತ್ತು ಸೊಪ್ಪು ಕತ್ತರಿಸುವ ದವಡೆ ಚೆನ್ನಾಗಿ ಗಟ್ಟಿಯಾಗಬೇಕು. ಈ ಗಟ್ಟಿಯಾಗುವ ಕೆಲಸಕ್ಕೆ ಬೇಕಾದ ಕಚ್ಚಾವಸ್ತು ಡೋಪಮೈನ್. ಡೋಪಮೈನ್ ಎಂದರೆ ನಮಗೆ ನೆನಪಾಗುವುದು ಮೆದುಳು. ಕೀಟಗಳಲ್ಲಿ ಅದಕ್ಕೆ ಎರಡನೆಯ ಉದ್ಯೋಗವೂ ಇದೆ: ಅದರಿಂದ ತಯಾರಾದ ರಾಸಾಯನಿಕಗಳು ಚರ್ಮದ ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೆಣೆದು ಬಿಗಿ ಮಾಡುತ್ತವೆ. ಹಸಿ ತೊಗಲನ್ನು ಹದ ಮಾಡಿ ಚರ್ಮ ಮಾಡುವ ಹಾಗೆ.

ಡೋಪಮೈನ್ ಎಲ್ಲಿಂದ ಬರುತ್ತದೆ? ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ. ಟೈರೋಸಿನ್ ಅನ್ನು ಡೋಪಾ ಆಗಿ ಬದಲಿಸುವ ಕಿಣ್ವವೊಂದಿದೆ, ಡೋಪಾ ಮುಂದೆ ಡೋಪಮೈನ್ ಆಗುತ್ತದೆ. ಆದರೆ ಆ ಕಿಣ್ವ ಒಬ್ಬಂಟಿಯಾಗಿ ಕೆಲಸ ಮಾಡದು. ಅದಕ್ಕೆ ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ಸಹಾಯಕ ಬೇಕು. ಚಿಕ್ಕದಾಗಿ ಬಿಎಚ್4 ಎನ್ನೋಣ. ಬಿಎಚ್4 ತಯಾರಾಗುವುದು ಜೀವಕೋಶದೊಳಗಿನ ಒಂದು ಸಣ್ಣ ಸರಪಳಿಯಲ್ಲಿ. ಆ ಸರಪಳಿಯ ಕೊನೆಯ ಕೊಂಡಿಯನ್ನು ನೋಡಿಕೊಳ್ಳುವ ಕಿಣ್ವದ ಹೆಸರು ಸೆಪಿಯಾಪ್ಟೆರಿನ್ ರಿಡಕ್ಟೇಸ್.

ರೇಷ್ಮೆ ಹುಳುವಿನಲ್ಲಿ 'ಲೆಮನ್' ಎಂಬ ಹಳೆಯ, ಪ್ರಸಿದ್ಧ ಉತ್ಪರಿವರ್ತನೆಯೊಂದಿದೆ. ಈ ಹುಳುಗಳ ಮೈ ನಿಂಬೆಹಣ್ಣಿನಂತೆ ಹಳದಿ. ಕೆಡುವುದು ಸೆಪಿಯಾಪ್ಟೆರಿನ್ ರಿಡಕ್ಟೇಸ್‌ನ ಜೀನ್. ಕೊನೆಯ ಕೊಂಡಿ ಕೆಲಸ ಮಾಡದಿದ್ದಾಗ ಹಿಂದಿನ ಸರಕು ಅಲ್ಲೇ ರಾಶಿ ಬೀಳುತ್ತದೆ. ಹಳದಿ ಬಣ್ಣ ಬರುವುದು ಆ ರಾಶಿಯಿಂದ. ಸಾದಾ ಲೆಮನ್‌ನಲ್ಲಿ ಕಿಣ್ವ ಪೂರ್ತಿ ಕೈಕೊಟ್ಟಿರುವುದಿಲ್ಲ, ಹಾಗಾಗಿ ಹುಳು ಬದುಕುತ್ತದೆ. ಅದೇ ಜೀನ್ ಇನ್ನೂ ಹೆಚ್ಚು ಕೆಟ್ಟ ರೂಪವೊಂದಿದೆ, ಅದರ ಹೆಸರೇ 'ಮಾರಕ ಲೆಮನ್'. ಅದರ ಎರಡೂ ಪ್ರತಿ ಪಡೆದ ಮರಿಗಳು ಮೊಟ್ಟೆಯೊಡೆದು ಬರುತ್ತವೆ, ಮೊದಲ ಜ್ವರಕ್ಕೂ ಕೂರುತ್ತವೆ, ಆದರೆ ಆ ಜ್ವರ ದಾಟಿ ಬಾಳುವುದಿಲ್ಲ.

2009ರಲ್ಲಿ ಜಪಾನಿನ ಸಂಶೋಧಕರು ಇದನ್ನು ಜೀನ್ ಮಟ್ಟದಲ್ಲಿ ಬಿಡಿಸಿ ತೋರಿಸಿದರು. ಅವರು ಮಾಡಿದ ಇನ್ನೊಂದು ಪ್ರಯೋಗ ನಮಗೆ ಹೆಚ್ಚು ಮುಖ್ಯ. ಸಾಯಲಿದ್ದ ಮರಿಗಳಿಗೆ ಆಹಾರದ ಜೊತೆ ಬಿಎಚ್4 ಅಥವಾ ಡೋಪಮೈನ್ ತಿನ್ನಿಸಿದಾಗ ಮೊದಲ ಜ್ವರ ದಾಟಿ ಬದುಕಿದವುಗಳ ಸಂಖ್ಯೆ ಏರಿತು. ಅಂದರೆ 'ಸಾವಿನ ಜೀನ್' ವಿಷವನ್ನೇನೂ ತಯಾರಿಸುತ್ತಿರಲಿಲ್ಲ. ಬೇಕಾದ ಒಂದು ವಸ್ತುವನ್ನು ಅದು ತಯಾರಿಸಲಾರದೆ ಹೋಗಿತ್ತು, ಅಷ್ಟೇ. ಆ ವಸ್ತುವನ್ನು ಹೊರಗಿನಿಂದ ಕೊಟ್ಟರೆ ಸಾವನ್ನು ಮುಂದೂಡಬಹುದು.

ಇನ್ನೂ ಮೂರು ಬಗೆ

ಇದೇ ಸರಪಳಿಯ ಒಂದು ಹೆಜ್ಜೆ ಹಿಂದಿನ ಕಿಣ್ವದ ಜೀನ್ ಕೆಟ್ಟರೆ ಬರುವುದು 'ಆಲ್ಬಿನೋ' ಎಂಬ ಉತ್ಪರಿವರ್ತನೆ. ಇಲ್ಲಿ ಹಳದಿ ಬಣ್ಣ ಬರುವುದಿಲ್ಲ. ಹಳದಿಯಾಗಬೇಕಾದ ಸರಕು ತಯಾರಾಗುವ ಮೊದಲೇ ಸರಪಳಿ ತುಂಡಾಗಿರುತ್ತದೆ. ತಲೆಯ ಚಿಪ್ಪು ಬಣ್ಣಗೆಟ್ಟು ಮೆತ್ತಗಿರುತ್ತದೆ, ಮರಿ ಮೊದಲ ಜ್ವರದ ಬಳಿಕ ತಿನ್ನಲಾರದೆ ಸಾಯುತ್ತದೆ. ಲಕ್ಷಣ ಬೇರೆ, ಸಾವಿನ ದಾರಿ ಹೆಚ್ಚುಕಡಿಮೆ ಒಂದೇ.

ಎರಡನೆಯದು ಜ್ವರಕ್ಕೆ ಕೂತು ಏಳಲಾಗದ ಹುಳು. ಜ್ವರ ಶುರುವಾಗಲು ಎಕ್ಡೈಸೋನ್ ಎಂಬ ಹಾರ್ಮೋನ್ ಬೇಕು. ಅದರ ಮೂಲವಸ್ತು ಕೊಲೆಸ್ಟ್ರಾಲ್. ಕೀಟಗಳು ಕೊಲೆಸ್ಟ್ರಾಲ್ ಅನ್ನು ಸ್ವಂತವಾಗಿ ತಯಾರಿಸಲಾರವು. ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪಿನ ಸ್ಟೆರಾಲ್‌ಗಳಿಂದ ಅದನ್ನು ಪಡೆದು, ಹಲವು ಕಿಣ್ವಗಳ ಮೂಲಕ ಹಾರ್ಮೋನ್ ಮಾಡಿಕೊಳ್ಳುತ್ತದೆ. ಈ ಕಿಣ್ವಗಳಲ್ಲೊಂದು ಕೆಟ್ಟಾಗ ಬರುವ ಉತ್ಪರಿವರ್ತನೆಯನ್ನು 2010ರಲ್ಲಿ ಜಪಾನಿನ ತಂಡವೊಂದು ಗುರುತಿಸಿತು. ಅಂಥ ಮರಿಗಳ ಮೈ ಹೊಳೆಯುತ್ತದೆ, ಚರ್ಮ ಮಾತ್ರ ಕಳಚುವುದಿಲ್ಲ. ಹುಳು ಒಟ್ಟಿಗೆ ಹಣ್ಣಾಗಲೆಂದು ನಮ್ಮ ರೈತರು ಕೊನೆಯ ದಿನಗಳಲ್ಲಿ ಸೊಪ್ಪಿಗೆ ಸಿಂಪಡಿಸುವ 'ಸಂಪೂರ್ಣ' ಎಂಬ ಉತ್ಪನ್ನ ಕೇಳಿದ್ದೀರಲ್ಲ, ಅದರಲ್ಲಿರುವುದು ಗಿಡಗಳಿಂದ ತೆಗೆದ ಇದೇ ಬಗೆಯ ಹಾರ್ಮೋನ್.

ಮೂರನೆಯದು ಮೊಟ್ಟೆಯೊಳಗೇ ಸಾಯುವುದು. ದೇಹದ ಯಾವ ಭಾಗದಲ್ಲಿ ಯಾವ ಅಂಗ ಬೆಳೆಯಬೇಕೆಂದು ನಿರ್ಧರಿಸುವ ಜೀನ್‌ಗಳ ಗುಂಪಿದೆ. ಆ ಗುಂಪಿನಿಂದ ಎರಡು ಮುಖ್ಯ ಜೀನ್‌ಗಳು ಪೂರ್ತಿ ಕಳೆದುಹೋದ ಉತ್ಪರಿವರ್ತನೆಯಲ್ಲಿ, ಭ್ರೂಣದ ಎದೆಯ ಭಾಗದಲ್ಲಿ ಮಾತ್ರ ಇರಬೇಕಾದ ಕಾಲುಗಳು ಹೊಟ್ಟೆಯ ಉದ್ದಕ್ಕೂ ಮೂಡುತ್ತವೆ. ಆ ಮರಿ ಮೊಟ್ಟೆಯಿಂದ ಹೊರಗೆ ಬರುವುದೇ ಇಲ್ಲ.

ಹುಳುಮನೆಯಲ್ಲಿ ಹುಳು ಸತ್ತರೆ: ಜೀನೋ, ರೋಗವೋ?

ಇಷ್ಟು ಓದಿದ ಮೇಲೆ ಊರಿಗೆ ಫೋನ್ ಮಾಡಿ "ಮಾವ, ನಿಮ್ಮ ಹುಳುವಿಗೆ ಜೀನ್ ದೋಷ" ಎನ್ನಬೇಡಿ. ಹಾಗೆ ಹೇಳಿದರೆ ನಷ್ಟವಾಗುತ್ತದೆ. ಅವರು ಹುಳುಮನೆಯ ಸೋಂಕು ನಿವಾರಣೆ ಬಿಟ್ಟು ಕೈಕಟ್ಟಿ ಕೂರಬಹುದು.

ರೈತರ ಹುಳುಮನೆಯಲ್ಲಿ ನೂರಾರು ತಾಯಿ ಚಿಟ್ಟೆಗಳ ಮರಿಗಳು ಬೆರೆತಿರುತ್ತವೆ. ಬಿತ್ತನೆ ಕೇಂದ್ರಗಳು ಎರಡು ಬೇರೆ ತಳಿಗಳನ್ನು ಕೂಡಿಸಿ ಮೊಟ್ಟೆ ಮಾಡುವುದರಿಂದ, ತಂದೆ ತಾಯಿ ಇಬ್ಬರೂ ಒಂದೇ ಕೆಟ್ಟ ಜೀನಿನ ವಾಹಕರಾಗಿರುವ ಸಾಧ್ಯತೆ ಕಡಿಮೆ. ಹುಳು ಸಾಲುಸಾಲಾಗಿ ಸಾಯುತ್ತಿದ್ದರೆ ಈ ಹಳೆಯ ಶತ್ರುಗಳನ್ನು ನೋಡಿ:

- ಹಾಲುತೊಂಡೆ: ವೈರಸ್ ರೋಗ. ಮೈ ಊದಿ, ಚರ್ಮ ಒಡೆದು ಹಾಲಿನಂಥ ದ್ರವ ಸುರಿಯುತ್ತದೆ.
- ಸಪ್ಪೆ ರೋಗ: ಹುಳು ಮಂಕಾಗಿ, ಸೊಪ್ಪು ಬಿಟ್ಟು, ಮೈ ಮೆತ್ತಗಾಗಿ ಕೊಳೆಯುತ್ತದೆ.
- ಸುಣ್ಣಕಟ್ಟು: ಶಿಲೀಂಧ್ರ ರೋಗ. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬಿಳಿಚಿ ಗಟ್ಟಿಯಾಗುತ್ತದೆ.
- ಗಂಟು ರೋಗ: ಅತಿ ಸೂಕ್ಷ್ಮ ಪರಾವಲಂಬಿಯಿಂದ ಬರುವುದು. ಹುಳುಗಳು ಒಂದೇ ಸಮ ಬೆಳೆಯದೆ ಚಿಕ್ಕವು ದೊಡ್ಡವು ಆಗುತ್ತವೆ.

ಈ ಕೊನೆಯದರಲ್ಲಿ ಒಂದು ಗೊಂದಲವಿದೆ. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಬರುತ್ತದೆ. ಹಾಗಾಗಿ 'ವಂಶದಿಂದ ಬಂದದ್ದು' ಎಂದು ಅನ್ನಿಸುವುದು ಸಹಜ. ಆದರೆ ಇಲ್ಲಿ ಬರುವುದು ಜೀನ್ ಅಲ್ಲ, ರೋಗಾಣು. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ನೆಲಕಚ್ಚುತ್ತಿದ್ದಾಗ ಲೂಯಿ ಪಾಸ್ಚರ್ ಹೇಳಿಕೊಟ್ಟ ಉಪಾಯ ಇಂದಿಗೂ ನಡೆಯುತ್ತಿದೆ: ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಕಂಡರೆ ಆ ಮೊಟ್ಟೆ ಸುಡುವುದು. 'ರೋಗರಹಿತ ಮೊಟ್ಟೆ' ಎಂಬ ಹೆಸರಿನ ಹಿಂದಿರುವುದು ಈ ಪರೀಕ್ಷೆ. ಇದು ರೋಗಾಣುವನ್ನು ಹಿಡಿಯುತ್ತದೆ, ಅಡಗಿರುವ ಮಾರಕ ಜೀನನ್ನು ಹಿಡಿಯುವುದಿಲ್ಲ.

ವ್ಯತ್ಯಾಸವನ್ನು ಹೀಗೆ ನೆನಪಿಡಬಹುದು. ರೋಗ ಹರಡುತ್ತದೆ, ದಿನದಿಂದ ದಿನಕ್ಕೆ ಹೆಚ್ಚುತ್ತದೆ, ಬೇರೆ ಬೇರೆ ವಯಸ್ಸಿನ ಹುಳುಗಳನ್ನು ಹಿಡಿಯುತ್ತದೆ, ಸ್ವಚ್ಛತೆಯಿಂದ ತಗ್ಗುತ್ತದೆ. ಮಾರಕ ಜೀನ್ ಹರಡುವುದಿಲ್ಲ, ಒಂದೇ ತಾಯಿಯ ಮರಿಗಳಲ್ಲಿ ಒಂದು ನಿಗದಿತ ಪಾಲನ್ನು ಒಂದೇ ಹಂತದಲ್ಲಿ ಕೊಂದು ನಿಲ್ಲುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿಯೂ ನಾಟದು, ಸುಣ್ಣವೂ ನಾಟದು.

ನಮ್ಮ ಗೂಡಿನಿಂದ ನಾವೇ ಮೊಟ್ಟೆ ಮಾಡಬಾರದೇಕೆ?

ಬೆಳೆ ಚೆನ್ನಾಗಿ ಬಂದಾಗ ಕೆಲವರಿಗೆ ಈ ಯೋಚನೆ ಬರುತ್ತದೆ. ಇಷ್ಟು ಒಳ್ಳೆಯ ಗೂಡು, ಇದನ್ನೇ ಚಿಟ್ಟೆ ಮಾಡಿ ಮೊಟ್ಟೆ ಇಡಿಸಿದರೆ ಮುಂದಿನ ಬೆಳೆಗೆ ಮೊಟ್ಟೆಯ ಖರ್ಚು ಉಳಿಯುತ್ತದಲ್ಲ? ರಾಗಿಯ ಬಿತ್ತನೆ ಮನೆಯಲ್ಲೇ ಇಟ್ಟುಕೊಂಡ ಅಭ್ಯಾಸ ನಮ್ಮದು.

ರೇಷ್ಮೆಯಲ್ಲಿ ಇದು ಏಕೆ ಕೆಲಸ ಮಾಡುವುದಿಲ್ಲ ಎಂದು ಲೆಕ್ಕ ಹಾಕಿ ನೋಡೋಣ. ರೈತರಿಗೆ ಸಿಗುವುದು ಮಿಶ್ರತಳಿ: ಅಪ್ಪಟ ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್2ರಂಥ ದ್ವಿತಳಿಯ ಗಂಡು ಕೂಡಿಸಿ ಮಾಡಿದ್ದು. ಅಥವಾ ಎರಡು ದ್ವಿತಳಿಗಳನ್ನು ಬೆರೆಸಿದ್ದು. ತಾಯಿ ಚಿಟ್ಟೆಯೊಂದರಲ್ಲಿ ಒಂದು ಮಾರಕ ಜೀನ್ ಅಡಗಿದೆ ಎಂದುಕೊಳ್ಳಿ. ತಂದೆ ಬೇರೆ ತಳಿಯವನು, ಅವನಲ್ಲಿ ಅದಿಲ್ಲ. ಆಗ ಮರಿಗಳಲ್ಲಿ ಅರ್ಧದಷ್ಟು ವಾಹಕಗಳಾಗುತ್ತವೆ, ಆದರೆ ಒಂದೂ ಸಾಯುವುದಿಲ್ಲ. ಎರಡೂ ತಳಿಗಳ ದೋಷಗಳು ಪರಸ್ಪರ ಮುಚ್ಚಿಹೋಗುತ್ತವೆ. ಮಿಶ್ರತಳಿಯ ಹುಳು ಗಟ್ಟಿಮುಟ್ಟಾಗಿರಲು ಇದೂ ಒಂದು ಕಾರಣ.

ಈಗ ಆ ಮರಿಗಳನ್ನೇ ಅಣ್ಣ ತಂಗಿ ಎಂದು ನೋಡದೆ ಕೂಡಿಸಿ. ಜೋಡಿಯ ಇಬ್ಬರೂ ವಾಹಕರಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಜೋಡಿಯ ಮರಿಗಳಲ್ಲಿ ಸಾಯುವುದು ನಾಲ್ಕರಲ್ಲಿ ಒಂದು. ಗುಣಿಸಿದರೆ ಸರಾಸರಿ ಹದಿನಾರರಲ್ಲಿ ಒಂದು, ನೂರಕ್ಕೆ ಆರು. ಇದು ಒಂದು ಜೀನಿನ ಲೆಕ್ಕ. ಅಂಥ ಮೂರು ಜೀನ್‌ಗಳು ಅಡಗಿದ್ದರೆ ಸಾವು ನೂರಕ್ಕೆ ಸುಮಾರು 18ಕ್ಕೆ ಏರುತ್ತದೆ. ಕೊಲ್ಲದೆ ಬರೀ ಸೊರಗಿಸುವ ಜೀನ್‌ಗಳೂ ಇರುತ್ತವೆ, ಅವುಗಳ ಲೆಕ್ಕ ಬೇರೆ. ಮೇಲಾಗಿ ಗೂಡಿನ ಗುಣ ಒಂದೇ ಸಮ ಇರುವುದಿಲ್ಲ, ಕೆಲವು ಅಜ್ಜಿಯ ಕಡೆ, ಕೆಲವು ಅಜ್ಜನ ಕಡೆ ಹೋಗುತ್ತವೆ. ನೂಲು ಬಿಚ್ಚುವವರಿಗೆ ಅದು ಬೇಡ. ತಾಯಿ ಚಿಟ್ಟೆ ಪರೀಕ್ಷೆಯಿಲ್ಲದೆ ಗಂಟು ರೋಗ ಬರುವ ಭಯ ಇದಕ್ಕೆಲ್ಲ ಕಲಶವಿಟ್ಟಂತೆ.

ಹಾಗಾಗಿಯೇ ಬಿತ್ತನೆಗೆ ಪ್ರತ್ಯೇಕ ವ್ಯವಸ್ಥೆಯಿದೆ. ಮೂಲ ತಳಿಗಳನ್ನು ಹಂತಹಂತವಾಗಿ ಹೆಚ್ಚಿಸಿ, ಕೊನೆಯ ಹಂತದಲ್ಲಿ ಮಾತ್ರ ಬೆರೆಸಿ ರೈತರಿಗೆ ಕೊಡುತ್ತಾರೆ. ಮೊಟ್ಟೆ ತಯಾರಿಕೆ ಮತ್ತು ಮಾರಾಟವನ್ನು ನಿಯಂತ್ರಿಸುವ ಕಾನೂನು ನಮ್ಮ ರಾಜ್ಯದಲ್ಲಿ 1959ರಿಂದಲೇ ಇದೆ. 2006ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೂ ಈ ಬಗ್ಗೆ ತಿದ್ದುಪಡಿ ಬಂತು. ಮೂಲ ತಳಿಗಳನ್ನು ಕಾಪಾಡುವ ಕೇಂದ್ರ ನಮ್ಮ ಗಡಿಯಾಚೆ ಹೊಸೂರಿನಲ್ಲಿದೆ. ಮೈಸೂರಿನ ಕೇಂದ್ರೀಯ ಸಂಶೋಧನಾ ಸಂಸ್ಥೆ, ಕನಕಪುರ ರಸ್ತೆಯ ತಲಘಟ್ಟಪುರದಲ್ಲಿರುವ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ, ಇವೆಲ್ಲ ಈ ಕೆಲಸದ ಬೇರೆ ಬೇರೆ ಕೊಂಡಿಗಳು.

ಸಾವಿನ ಜೀನನ್ನೇ ಕೆಲಸಕ್ಕೆ ಹಚ್ಚಿದ ಕಥೆ

ಹೆಣ್ಣು ಹುಳು ಮೊಟ್ಟೆಗಾಗಿ ಶಕ್ತಿ ಕೂಡಿಡಬೇಕು. ಗಂಡಿಗೆ ಆ ಹೊರೆಯಿಲ್ಲ. ಹಾಗಾಗಿ ಗಂಡು ಗೂಡಿನ ತೂಕದಲ್ಲಿ ರೇಷ್ಮೆಯ ಪಾಲು ಹೆಚ್ಚು. ಬರೀ ಗಂಡು ಹುಳು ಸಾಕಿದರೆ ಹೇಗೆ? ಸೋವಿಯತ್ ಒಕ್ಕೂಟದ ವಿಜ್ಞಾನಿ ಸ್ಟ್ರುನ್ನಿಕೋವ್ ಇದಕ್ಕೆ ಮಾರಕ ಜೀನ್‌ಗಳನ್ನೇ ಬಳಸಿದರು.

ಮನುಷ್ಯರಲ್ಲಿ ಗಂಡು ಎಕ್ಸ್‌ವೈ, ಹೆಣ್ಣು ಎಕ್ಸ್‌ಎಕ್ಸ್. ರೇಷ್ಮೆ ಹುಳುವಿನಲ್ಲಿ ತಿರುಗುಮುರುಗು: ಗಂಡಿಗೆ ಎರಡು ಜೆಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದು ಜೆಡ್, ಒಂದು ಡಬ್ಲ್ಯು. ಸ್ಟ್ರುನ್ನಿಕೋವ್ ಬೆಳೆಸಿದ ತಳಿಯ ಗಂಡಿನ ಎರಡೂ ಜೆಡ್‌ಗಳಲ್ಲಿ ಒಂದೊಂದು ಮಾರಕ ಜೀನ್ ಇದೆ, ಆದರೆ ಬೇರೆ ಬೇರೆ ಜಾಗದಲ್ಲಿ. ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುವುದರಿಂದ ಆ ಗಂಡು ಬದುಕುತ್ತದೆ. ಇದನ್ನು ಸಾಮಾನ್ಯ ತಳಿಯ ಹೆಣ್ಣಿಗೆ ಕೂಡಿಸಿದರೆ ಏನಾಗುತ್ತದೆ? ಗಂಡು ಮರಿಗೆ ತಂದೆಯಿಂದ ಕೆಟ್ಟ ಜೆಡ್ ಬಂದರೂ ತಾಯಿಯಿಂದ ಒಳ್ಳೆಯ ಜೆಡ್ ಸಿಗುತ್ತದೆ, ಬದುಕುತ್ತದೆ. ಹೆಣ್ಣು ಮರಿಗೆ ಇರುವುದು ತಂದೆಯ ಒಂದೇ ಜೆಡ್, ಅದೂ ಕೆಟ್ಟದ್ದು. ಅದು ಮೊಟ್ಟೆಯಲ್ಲೇ ಸಾಯುತ್ತದೆ. ಹೊರಬರುವುದೆಲ್ಲ ಗಂಡು. ಬೆಲೆ ಏನೆಂದರೆ ಅರ್ಧ ಮೊಟ್ಟೆ ಒಡೆಯುವುದೇ ಇಲ್ಲ, ಮತ್ತು ಆ ವಿಶೇಷ ತಳಿಯನ್ನು ಕಾಪಾಡಿಕೊಂಡು ಬರುವುದು ಸುಲಭವಲ್ಲ.

ಇದು ನಮಗೇಕೆ ಬೇಕು?

ಮಾರಕ ಲೆಮನ್ ಹುಳುವಿನಲ್ಲಿ ಕೆಟ್ಟ ಆ ಕಿಣ್ವ ನಮ್ಮಲ್ಲೂ ಇದೆ. ಹೆಸರೂ ಅದೇ. ಮನುಷ್ಯರಲ್ಲಿ ಸೆಪಿಯಾಪ್ಟೆರಿನ್ ರಿಡಕ್ಟೇಸ್ ಕೊರತೆಯನ್ನು ವೈದ್ಯಲೋಕ ಮೊದಲು ವಿವರಿಸಿದ್ದು 2001ರಲ್ಲಿ. ಬಹಳ ಅಪರೂಪದ ಕಾಯಿಲೆ. ನಮ್ಮ ಚರ್ಮಕ್ಕೆ ಡೋಪಮೈನ್ ಬೇಕಿಲ್ಲ, ಮೆದುಳಿಗೆ ಬೇಕು. ಹಾಗಾಗಿ ಈ ಮಕ್ಕಳಲ್ಲಿ ನಡಿಗೆ, ಮಾತು ತಡವಾಗುತ್ತದೆ, ಕೈಕಾಲು ಸೆಟೆಯುತ್ತವೆ. ಬೆಳಗ್ಗೆ ಪರವಾಗಿಲ್ಲ ಎನ್ನುವಂತಿದ್ದ ಮಗು ಸಂಜೆಗೆ ಬಳಲಿ ಹೋಗುವುದು ಒಂದು ಮುಖ್ಯ ಸುಳಿವು. ಎಷ್ಟೋ ಸಲ ಇದನ್ನು ಸೆರೆಬ್ರಲ್ ಪಾಲ್ಸಿ ಎಂದು ತಪ್ಪಾಗಿ ತಿಳಿಯಲಾಗುತ್ತದೆ. ರಕ್ತದಲ್ಲಿ ಫಿನೈಲ್‌ಅಲನಿನ್ ಪ್ರಮಾಣ ಸಹಜವಾಗಿಯೇ ಇರುವುದರಿಂದ ಅದನ್ನು ಅಳೆಯುವ ನವಜಾತ ಶಿಶು ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ.

ಆದರೆ ಗುರುತಿಸಿದರೆ ಚಿಕಿತ್ಸೆಯಿದೆ. ಹುಳುವಿಗೆ ಡೋಪಮೈನ್ ತಿನ್ನಿಸಿದ ತತ್ವವೇ ಇಲ್ಲೂ. ವೈದ್ಯರು ಲೆವೊಡೋಪಾ ಕೊಡುತ್ತಾರೆ, ಅದು ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಅಮೆರಿಕದ ಅವಳಿ ಮಕ್ಕಳಿಬ್ಬರಲ್ಲಿ ಈ ಜೀನ್ ದೋಷವನ್ನು ಜೀನೋಮ್ ಓದಿ ಪತ್ತೆ ಮಾಡಿ, ಚಿಕಿತ್ಸೆಯನ್ನು ತಿದ್ದಿದ ವರದಿ 2011ರಲ್ಲಿ ಪ್ರಕಟವಾಯಿತು.

ಇನ್ನೊಂದು ಪಾಠ ನಮ್ಮ ಮನೆಗಳಿಗೆ ಹತ್ತಿರದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದೊಳಗೆ ನಡೆದವು. ಸೋದರಮಾವ, ಅತ್ತೆಯ ಮಗ, ಮಾವನ ಮಗಳು, ಇವೆಲ್ಲ ನಮಗೆ ಹೊಸತಲ್ಲ. ಅಡಗಿರುವ ದುರ್ಬಲ ಜೀನ್‌ಗಳು ನಮ್ಮೆಲ್ಲರಲ್ಲೂ ಇವೆ. ಒಂದೇ ಮನೆತನದವರಲ್ಲಿ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು. ಮಗುವಿನಲ್ಲಿ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆ ಸೋದರಮಾವನ ಮದುವೆಯಲ್ಲಿ ಎಂಟರಲ್ಲಿ ಒಂದು, ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಇಂಥ ಮದುವೆಗಳ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ ಎಂಬುದೂ ಅಷ್ಟೇ ನಿಜ. ಹೆದರುವ ಬದಲು ಕೇಳಿ ತಿಳಿಯಬೇಕು: ಮನೆಯಲ್ಲಿ ಕಾರಣ ತಿಳಿಯದೆ ಮಕ್ಕಳು ತೀರಿಕೊಂಡಿದ್ದರೆ, ಬೆಳವಣಿಗೆ ಕುಂಠಿತವಾದ ಮಗುವಿದ್ದರೆ, ಮದುವೆಗೆ ಅಥವಾ ಮುಂದಿನ ಬಸಿರಿಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಪಡೆಯಿರಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ.

ತಪ್ಪು ನಂಬಿಕೆಗಳು, ಸರಿ ಉತ್ತರಗಳು

*ಯಾರದೋ ಕಣ್ಣು ಬಿದ್ದು ಹುಳು ಸಾಯುತ್ತದೆಯೇ?* ಇಲ್ಲ. ಆದರೆ ಹೊರಗಿನವರನ್ನು ಹುಳುಮನೆಗೆ ಬಿಡದಿರುವ ಅಭ್ಯಾಸ ಒಳ್ಳೆಯದು. ಕಣ್ಣಿನಿಂದ ಏನೂ ಬರುವುದಿಲ್ಲ, ಕಾಲಿನ ಧೂಳಿನಿಂದ ರೋಗಾಣು ಬರುತ್ತದೆ. ಇದೇ ಕಾರಣಕ್ಕೆ ಮುಟ್ಟಾದ ಹೆಂಗಸರನ್ನು ದೂರ ಇಡುವುದರಲ್ಲಿ ಅರ್ಥವಿಲ್ಲ. ಕೈಕಾಲು ತೊಳೆದು ಬಂದರೆ ಯಾರಾದರೂ ಸರಿ.

*ಮಾರಕ ಜೀನ್ ಇರುವ ಹುಳುವಿನ ರೇಷ್ಮೆ ಉಟ್ಟರೆ ತೊಂದರೆಯೇ?* ಇಲ್ಲ. ಎರಡೂ ಕೆಟ್ಟ ಪ್ರತಿ ಇರುವ ಹುಳು ಗೂಡು ಕಟ್ಟುವವರೆಗೆ ಬದುಕುವುದೇ ಇಲ್ಲ. ವಾಹಕ ಹುಳುವಿನ ದಾರ ಉಳಿದೆಲ್ಲ ದಾರದಂತೆಯೇ. ಜೀನ್‌ಗಳು ಸೀರೆಯಿಂದ ಮೈಗೆ ಹತ್ತುವುದಿಲ್ಲ.

*ಮೊಬೈಲ್ ಟವರ್‌ನಿಂದ ಇಂಥ ಉತ್ಪರಿವರ್ತನೆ ಆಗುತ್ತದೆಯೇ?* ಉತ್ಪರಿವರ್ತನೆಗಳು ಟವರ್‌ಗಳಿಗಿಂತ ಬಹಳ ಹಿಂದಿನಿಂದಲೂ ತಾವಾಗಿ ಆಗುತ್ತಿವೆ. ಎಕ್ಸ್-ಕಿರಣದಂಥ ಪ್ರಬಲ ವಿಕಿರಣ ಜೀನ್‌ಗಳನ್ನು ಮುರಿಯಬಲ್ಲದು, ವಿಜ್ಞಾನಿಗಳು ಹಾಗೆ ಮಾಡಿಯೂ ಇದ್ದಾರೆ. ಟವರ್‌ನ ರೇಡಿಯೋ ಅಲೆಗಳಿಗೆ ಆ ಶಕ್ತಿಯಿಲ್ಲ.

*ಒಡೆಯದ ಮೊಟ್ಟೆಗಳೆಲ್ಲ ಜೀನ್ ದೋಷವೇ?* ಅಲ್ಲ. ಗರ್ಭ ಕಟ್ಟದ ಮೊಟ್ಟೆ, ಸಾಗಾಟದಲ್ಲಿ ಬಿಸಿಲಿಗೆ ಸಿಕ್ಕ ಮೊಟ್ಟೆ, ತೇವ ಸಾಲದ 'ಚಾಕಿ' ಕೋಣೆ, ಇವೆಲ್ಲ ಹೆಚ್ಚು ಸಾಮಾನ್ಯ ಕಾರಣಗಳು. ಮೊಟ್ಟೆ ತರುವಾಗ ತಂಪು ಹೊತ್ತಿನಲ್ಲಿ ತನ್ನಿ.

ಹುಳು ಸತ್ತಾಗ ಮಾಡಬೇಕಾದ್ದು ಇಷ್ಟು: ಸತ್ತ ಹುಳುಗಳನ್ನು ಬೇರೆ ತೆಗೆದು, ಕೆಲವನ್ನು ಹತ್ತಿರದ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ತೋರಿಸಿ, ಉಳಿದವನ್ನು ಸುಡಿ ಅಥವಾ ಹೂಳಿ. ಮೊಟ್ಟೆಯ ಚೀಟಿ, ತಂದ ದಿನ, ಹುಳು ಸತ್ತ ಹಂತ ಬರೆದಿಡಿ. ಒಂದೇ ಬ್ಯಾಚಿನ ಮೊಟ್ಟೆ ತಂದ ನೆರೆಯವರ ಹುಳುಮನೆಯಲ್ಲೂ ಅದೇ ಹಂತದಲ್ಲಿ ಹಾಗೇ ಆಗಿದೆಯೇ ಎಂದು ವಿಚಾರಿಸಿ. ಈ ನಾಲ್ಕು ಸಾಲಿನ ದಾಖಲೆಯಿದ್ದರೆ, ತಪ್ಪು ಮೊಟ್ಟೆಯದೋ ಹುಳುಮನೆಯದೋ ಎಂದು ಹೇಳಲು ತಜ್ಞರಿಗೂ ದಾರಿಯಾಗುತ್ತದೆ.